ಒಂದೇ ಕಡೆಯ ಗ್ಯಾಲರಿ

ಹಳಿಯಾಳದ ಕಡೆ ಕುಸ್ತಿಗೆ ಗ್ಯಾಲರಿ ಕಟ್ಟುವವರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಡುವೆ ಕೆಂಪು ಮಣ್ಣಿನ ಕಣ. ಅದರ ಸುತ್ತ ನಾಲ್ಕೂ ಕಡೆ ಬಿದಿರಿನ ಗಳ ನೆಟ್ಟು, ಅಡ್ಡಗಳ ಕಟ್ಟಿ, ಮೇಲೆ ಹಲಗೆ ಹಾಸಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಮೊಳೆಯಿಲ್ಲ, ಬೋಲ್ಟ್ ಇಲ್ಲ, ಬರೀ ನಾರಿನ ಹಗ್ಗ. ಊರಿಗೆ ಊರೇ ಏರಿ ಕೂತರೂ ಅದು ಮಿಸುಕುತ್ತಿರಲಿಲ್ಲ. ಯಾಕೆ ಮಿಸುಕುವುದಿಲ್ಲ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಈಗ ಗೊತ್ತು. ನಾಲ್ಕು ಕಡೆಗಳೂ ಮೂಲೆಯಲ್ಲಿ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಒಂದು ವಾಲಿದರೆ ಪಕ್ಕದವೆರಡು ಹಿಡಿದುಕೊಳ್ಳುತ್ತವೆ. ಅಲ್ಲದೆ ಕುಸ್ತಿ ನೋಡುವವರು ಕೂತೇ ನೋಡುತ್ತಾರೆ. ಯಾರಾದರೂ ಎದ್ದು ನಿಂತರೆ ಹಿಂದಿನವರು ಶೇಂಗಾ ಸಿಪ್ಪೆ ಎಸೆದು, "ಏ, ನಿಮ್ಮಪ್ಪ ನಿನ್ನ ಗಾಜಿನ್ಯಾಗ ಮಾಡ್ಯಾನೇನು, ಕುಂದರಲೇ" ಅನ್ನುತ್ತಾರೆ.

ದಾಂಡೇಲಿಯಲ್ಲಿ ಆ ದಿನ ಕಟ್ಟಿದ್ದು ಒಂದೇ ಕಡೆಯ ಗ್ಯಾಲರಿ. ಎದುರಿಗಿದ್ದದ್ದು ಕಣವಲ್ಲ, ಪರದೆ. ಪರದೆಯ ಹಿಂದೆ ಕೂತು ಯಾರು ಏನು ನೋಡುತ್ತಾರೆ?

ನಾನು ಹುಟ್ಟಿ ಬೆಳೆದದ್ದು ದಾಂಡೇಲಿಯ ಅಂಬೇವಾಡಿಯಲ್ಲಿ. ಅಪ್ಪ ಧಾರವಾಡ ಕಡೆಯ ಹಳ್ಳಿಯಿಂದ ಕಾಗದ ಕಾರ್ಖಾನೆಯ ಕೆಲಸಕ್ಕೆ ಬಂದವರು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದರು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ವಾಪಸು ಬಂದು, ಬಂಗೂರನಗರದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಆ ಮನೆಯ ಯಜಮಾನರದ್ದು ಗ್ಯಾರೇಜು. ಪ್ರವಾಸಿಗರನ್ನು ಕಾಡು ತೋರಿಸಲು ಒಯ್ಯುವ ಜೀಪುಗಳು ಅಲ್ಲಿ ಬಂದು ನಿಲ್ಲುತ್ತಿದ್ದವು. ಅವರನ್ನು ನಾನು ಚಾಚಾ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಚಾಚಿ. ಅವರಿಗೆ ಒಬ್ಬನೇ ಮಗ. ಅವನಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಇಂಗ್ಲಿಷ್ ಹೇಳಿಕೊಟ್ಟವಳು ನಾನೇ. ಪುಸ್ತಕ ತೊಡೆಯ ಮೇಲಿದ್ದರೆ ಚೆಂಡು ಕಾಲಡಿಯಲ್ಲಿರುತ್ತಿತ್ತು. ಓದುವಾಗಲೂ ಪಾದ ಅದನ್ನು ಹಿಂದೆ ಮುಂದೆ ಉರುಳಿಸುತ್ತಲೇ ಇರುತ್ತಿತ್ತು. ಚೆಂಡು ತೆಗೆದಿಟ್ಟರೆ ಪಾಠವೇ ತಲೆಗೆ ಹೋಗುತ್ತಿರಲಿಲ್ಲ ಅವನಿಗೆ.

ಅವನ ಆಟ ಹೊರಗಿನವರ ಕಣ್ಣಿಗೆ ಬಿದ್ದದ್ದು ಮುಂಡಗೋಡದಲ್ಲಿ. ಅಲ್ಲಿನ ಟಿಬೆಟನ್ ಕ್ಯಾಂಪಿನ ಹುಡುಗರು ಫುಟ್‌ಬಾಲಿನಲ್ಲಿ ಗಟ್ಟಿಗರು. ಅವರ ಮೈದಾನದಲ್ಲಿ ಒಂದು ಪಂದ್ಯಾವಳಿಗೆ ಹೋಗಿದ್ದಾಗ, ಆಟ ನೋಡಲು ಬಂದಿದ್ದ ಗೋವಾದ ತರಬೇತುದಾರರೊಬ್ಬರು ಇವನ ಭುಜ ಹಿಡಿದು ಯಾರ ಮಗ ಎಂದು ಕೇಳಿದರಂತೆ. ಹೈಸ್ಕೂಲು ಮುಗಿಯುವುದರೊಳಗೆ ಅವನು ಗೋವಾಕ್ಕೆ ಹೋಗಿಯಾಗಿತ್ತು. ಬೆಳೆದು ಅಲ್ಲಿನ ಒಂದು ದೊಡ್ಡ ತಂಡ ಸೇರಿದ. ಆದರೆ ಮೈದಾನಕ್ಕಿಳಿಯುತ್ತಿದ್ದದ್ದು ಕಡಿಮೆ. ಬದಲಿ ಆಟಗಾರ. ಚಾಚಾ ಅದನ್ನು ತಾವೇ ಹೇಳಿ ನಗಿಸುತ್ತಿದ್ದರು.

"ನನ್ನ ಮಗ ಗೋವಾದಾಗ ಬೆಂಚ್ ಕಾಯೂ ನೌಕರಿ ಮಾಡ್ತಾನ. ಯಾರೂ ಕದ್ದೊಯ್ದಿಲ್ಲ ನೋಡ್ರಿ ಇಲ್ಲೀತನಕ."

ನಗಿಸಿದರೂ, ಮಗ ಆಡುವುದನ್ನು ಅವರು ನೋಡಿರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಓಣಿಯಲ್ಲಿ ಆಡುತ್ತಿದ್ದದ್ದನ್ನು ನೋಡಿದ್ದರು, ಬೈದಿದ್ದರು, ಗ್ಯಾರೇಜಿನ ಗಾಜು ಒಡೆದಾಗ ಹೊಡೆದೂ ಇದ್ದರು. ದೊಡ್ಡ ಮೈದಾನದಲ್ಲಿ, ಬೆನ್ನಿಗೆ ನಂಬರು ಹಚ್ಚಿಕೊಂಡು ಆಡುವುದನ್ನು ನೋಡಿರಲಿಲ್ಲ. ಪಂದ್ಯಗಳು ಬರುವುದು ರಜೆಯ ದಿನ, ಜೀಪುಗಳು ಕೆಟ್ಟು ನಿಲ್ಲುವುದೂ ರಜೆಯ ದಿನ. ಟೀವಿಯಲ್ಲಿ ನೋಡೋಣವೆಂದು ಕೂತರೆ ಬೆಂಚು ತೋರಿಸುತ್ತಿರಲಿಲ್ಲ.

ಆ ವರ್ಷ ಅವನ ತಂಡ ದೇಶಮಟ್ಟದ ಕಪ್ ಪಂದ್ಯಾವಳಿಯ ಫೈನಲ್ ತಲುಪಿತು. ಗೋಡೆಯ ಆಚೆ ನಿಂತು ಚಾಚಾ ನಮ್ಮಪ್ಪನಿಗೆ ಬಿಡಿಸಿ ಹೇಳಿದ್ದು ನೆನಪಿದೆ.

"ಇದರಾಗ ಪಾಯಿಂಟು ಗೀಯಿಂಟು ಏನಿಲ್ರಿ ಅಣ್ಣಾರ. ಸೋತ್ರ ಮನಿಗೆ. ಗೆದ್ರ ಮುಂದಿನ ಜೋಡಿ."

"ಅಂದ್ರ ಕುಸ್ತಿ ಇದ್ದಂಗ," ಅಂದರು ಅಪ್ಪ.

"ಕುಸ್ತಿ ಇದ್ದಂಗನ. ಆದ್ರ ನಮ್ಮ ಪೈಲ್ವಾನ ಇನ್ನೂ ಕಣದ ಹೊರಗ ಲಂಗೋಟಿ ಕಟ್ಟಕೊಂಡು ನಿಂತಾನ."

ಪಂದ್ಯ ಗೋವಾದಲ್ಲೇ ಇತ್ತು. ಮಗ ಫೋನು ಮಾಡಿ, ಅಬ್ಬಾಗೂ ಅಮ್ಮಿಗೂ ಪಾಸು ತೆಗೆದಿಟ್ಟಿದ್ದೇನೆ, ಬನ್ನಿ ಅಂದ. ಚಾಚಾ ಹೊರಟೇ ಇದ್ದರು, ಗ್ಯಾರೇಜಿನ ಗಿರಾಕಿಗಳಿಗೂ ಹೇಳಿ ಮುಗಿಸಿದ್ದರು. ಅಷ್ಟರಲ್ಲಿ ಓಣಿಯ ತರುಣರು ಗುಂಪಾಗಿ ಬಂದರು. ಹುಬ್ಬಳ್ಳಿಯಿಂದ ಎಲ್‌ಇಡಿ ಪರದೆ ತರಿಸುತ್ತಿದ್ದೇವೆ, ಮೈದಾನದಲ್ಲಿ ಹಾಕುತ್ತೇವೆ, ಹಗಲಿನಲ್ಲೂ ಚೆನ್ನಾಗಿ ಕಾಣುತ್ತದೆ, ಇಡೀ ಊರು ಬರುತ್ತದೆ ಎಂದರು. ಅವರಲ್ಲಿ ಮುಂದಾಳು, ಮೊಬೈಲ್ ಅಂಗಡಿಯವನು, ಚಾಚಾನ ಕೈ ಹಿಡಿದುಕೊಂಡ.

"ಚಾಚಾ, ಊರ ಮಂದಿ ಎಲ್ಲಾ ನಿಮ್ಮ ಮಗನ್ನ ನೋಡಾಕ ಬರ್ತಾರ. ಅಪ್ಪನ ಇಲ್ಲ ಅಂದ್ರ ಯಾರ್ನ ಮುಂದ ಕುಂದರಸೂದ್ರಿ?"

ಚಾಚಿ ಒಳಗಿನಿಂದಲೇ ಅಂದರು, "ಖರೇ ಮಗನ್ನ ಬಿಟ್ಟು ಪರದೇದಾಗಿನ ಮಗನ್ನ ನೋಡ್ತೀರೇನು?"

"ಅಲ್ಲಿ ಹೋದ್ರ ಬೆಂಚಿನ ಮ್ಯಾಲೆ ಕುಂತವನ ಬೆನ್ನು ಕಾಣತೈತಿ ಅಷ್ಟ," ಅಂದರು ಚಾಚಾ. "ಗೊತ್ತಿಲ್ಲದ ಮಂದ್ಯಾಗ ಕುಂತು ಅವನ ಬೆನ್ನ ನೋಡಿ ಬರ್ಲಿ? ಇಲ್ಲಾದ್ರ ನಮ್ಮವ್ರ ಅದಾರ."

ಚಾಚಿಯೂ ಉಳಿದರು. ಪಾಸುಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಚಾಚಾ ಮಗನಿಗೆ ಹೇಳಿದರು.

ಗ್ಯಾಲರಿ ಕಟ್ಟಲು ಹಳಿಯಾಳದ ಕಡೆಯಿಂದಲೇ ಜನ ಬಂದರು, ಕುಸ್ತಿಗೆ ಕಟ್ಟುವವರು. ನಾನು ಕಾಲೇಜಿನಿಂದ ಬರುವಾಗ ಮೈದಾನದ ಅಂಚಿನಲ್ಲಿ ನಿಂತು ನೋಡಿದೆ. ಹೊಸ ಬಿದಿರಿನ ಹಸಿ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಅವರ ಹಿರಿಯ, "ಉಳಿದ ಮೂರು ಕಡೆ ಯಾವಾಗ ಕಟ್ಟೂದು?" ಎಂದು ಕೇಳಿದ.

"ಪರದೆ ಹಿಂದ ಕುಂತು ಏನ್ ನೋಡ್ತಾರ ಮಾವಾ, ವಾಯರ್ ನೋಡ್ತಾರೇನು?" ಅಂದ ಮೊಬೈಲ್ ಅಂಗಡಿಯವನು.

ಎಲ್ಲರೂ ನಕ್ಕರು. ಆ ಹಿರಿಯನೂ ನಕ್ಕ. ನಾನೂ ನಕ್ಕಿದ್ದೆ ಅಂತ ಕಾಣುತ್ತದೆ. ಕಣಕ್ಕೆ ಕಟ್ಟಿದ ಅದೇ ಕೈಗಳು ಅದೇ ಗಂಟು ಹಾಕುತ್ತಿದ್ದವು. ಅನುಮಾನ ಪಡಲು ಯಾರಿಗೂ ಏನೂ ಇರಲಿಲ್ಲ.

ಪಂದ್ಯದ ಮಧ್ಯಾಹ್ನ ಅಂಬೇವಾಡಿ ಖಾಲಿಯಾಗಿತ್ತು. ಮುಂಡಗೋಡದಿಂದ ಟಿಬೆಟನ್ ಹುಡುಗರು ಟೆಂಪೋ ಮಾಡಿಕೊಂಡು ಬಂದಿದ್ದರು, ಇವನ ಜೊತೆ ಆಡಿದವರು. ಜೋಯಿಡಾ ಕಡೆಯ ಕೊಂಕಣಿ ಮಾತಿನವರು ಒಂದು ಗುಂಪಾಗಿ ಕೂತು, ಅದು ತಮ್ಮ ಗೋವಾದ ತಂಡ ಅನ್ನುತ್ತಿದ್ದರು. ನಮ್ಮವರು ಬಿಡಬೇಕಲ್ಲ.

"ತಂಡ ನಿಮ್ದು ಇರಲಿ, ಹುಡುಗ ನಮ್ಮಂವ."

"ನಿಮ್ಮ ಹುಡುಗ ಬೆಂಚಿನ ಮೇಲಿದ್ದಾನಲ್ಲ," ಎಂದಳು ಅವರಲ್ಲೊಬ್ಬ ಮುದುಕಿ. ಸುತ್ತಲಿನವರೆಲ್ಲ ಹೋ ಎಂದರು.

ಚಾಚಾನನ್ನು ಮುಂದೆ ನೆಲದ ಮೇಲೆ ಹಾಕಿದ್ದ ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದರು. ಅಪ್ಪ ಅವರ ಪಕ್ಕದ ಕುರ್ಚಿಯಲ್ಲಿದ್ದರು. ಚಾಚಿ ಬಂದಿರಲಿಲ್ಲ. ಅಷ್ಟು ಗಂಡಸರ ನಡುವೆ ನಾ ಒಲ್ಲೆ, ಮನೆಯಲ್ಲೇ ಟೀವಿ ನೋಡುತ್ತೇನೆ ಎಂದಿದ್ದರು. ಆದರೆ ಅವರು ಟೀವಿ ಹಚ್ಚಲೇ ಇಲ್ಲ ಎಂದು ಆಮೇಲೆ ತಿಳಿಯಿತು. ಮಗ ಆಡುವಾಗ ನೋಡಿದರೆ ದೃಷ್ಟಿಯಾಗುತ್ತದೆ ಎಂದು ಅವರಿಗೆ ಭಯ. ನಾನು ಗ್ಯಾಲರಿಯ ಕೆಳಗಿನ ಸಾಲುಗಳಲ್ಲಿ, ಹೆಂಗಸರ ಜೊತೆ ಕೂತೆ.

ಮೊದಲ ಅರ್ಧದಲ್ಲಿ ಚೆಂಡು ಗೋಲಿನ ಹತ್ತಿರ ಹೋದಾಗಲೆಲ್ಲ ಜನ ಅರ್ಧ ಏಳುತ್ತಿದ್ದರು, ಮತ್ತೆ ಕೂರುತ್ತಿದ್ದರು. ಆಗ ನನ್ನ ಕೆಳಗಿನ ಹಲಗೆ ಒಂದಿಷ್ಟು ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತಿತ್ತು. ನಿಧಾನವಾಗಿ, ನೀರಿನ ಮೇಲಿದ್ದಂತೆ. ಪಕ್ಕದಲ್ಲಿದ್ದ ಮಗುವೊಂದಕ್ಕೆ ಅದು ಬಹಳ ಹಿಡಿಸಿತು. "ಜೋಕಾಲಿ, ಜೋಕಾಲಿ," ಎಂದು ಕಾಲು ಬಡಿಯಿತು. ಅದರ ಅಜ್ಜಿಯೂ, "ಹೌದು ಬಂಗಾರ, ಜೋಕಾಲಿ," ಅಂದಳು.

ಈ ಜೋಕಾಲಿಯೇ ನನ್ನನ್ನು ಬಿಡುತ್ತಿಲ್ಲ. ಬಿದ್ದದ್ದಲ್ಲ. ಬೀಳುವ ಮುಂಚೆ ಅದು ನಮಗೆ ಹೇಳುತ್ತಲೇ ಇತ್ತು, ನಾವು ಅದನ್ನು ಆಟ ಅಂದುಕೊಂಡೆವು. ಈಗಲೂ ನಿದ್ದೆ ಹತ್ತುವ ಹೊತ್ತಿಗೆ ಮಂಚ ಒಮ್ಮೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ. ಏಳುತ್ತೇನೆ. ಮಂಚ ಅಲ್ಲೇ ಇರುತ್ತದೆ.

ಬಿಡುವಿನ ಹೊತ್ತಿಗೆ ಚಾಚಾ ಕುರ್ಚಿಯಿಂದ ಎದ್ದು ಬಂದರು. ಅಷ್ಟು ಹತ್ತಿರದಿಂದ ಪರದೆ ಸರಿಯಾಗಿ ಕಾಣುತ್ತಿರಲಿಲ್ಲವಂತೆ.

"ಬರೇ ಕೆಂಪು ಹಸಿರು ಚುಕ್ಕಿ ಕಾಣತಾವ ಬೇಟಿ. ಮನಿಷಾ ಅನ್ನೂದ ಕಾಣಂಗಿಲ್ಲ. ತುದೀಗೆ ಹೋಗ್ತೇನಿ. ಬರ್ತೀಯೇನು?"

"ನಾ ಇಲ್ಲೇ ಇರ್ತೇನ್ರಿ ಚಾಚಾ. ಸೀರಿ ಉಟ್ಟೀನಿ, ಏರಾಕ ಆಗಂಗಿಲ್ಲ."

"ಹೂಂ. ಮಗ ಬಂದ್ರ ಒದರು," ಎಂದು ಹಾರ ತೆಗೆದು ನನ್ನ ಕೈಯಲ್ಲಿಟ್ಟು ಮೇಲೆ ಹೋದರು. ಜನ ಅವರಿಗೆ ದಾರಿ ಬಿಡುತ್ತಾ, ಬೆನ್ನು ತಟ್ಟುತ್ತಾ ತುದಿಯ ಸಾಲಿಗೆ ಸಾಗಿಸಿದರು.

ಎರಡನೇ ಅರ್ಧ ಸಾಕಷ್ಟು ಮುಂದೆ ಹೋಗಿತ್ತು. ಒಬ್ಬ ಆಟಗಾರ ಕಾಲು ಹಿಡಿದುಕೊಂಡು ಕೂತ. ಕ್ಯಾಮೆರಾ ಮೈದಾನದ ಗೆರೆಯ ಕಡೆ ತಿರುಗಿತು. ಅಲ್ಲಿ ಯಾರೋ ಒಬ್ಬ ಮೇಲಂಗಿ ತಲೆಯ ಮೇಲಿಂದ ಎಳೆದು ತೆಗೆಯುತ್ತಿದ್ದ. ಮುಖ ಬಟ್ಟೆಯೊಳಗಿತ್ತು. ಆದರೂ ನನಗೆ ಗೊತ್ತಾಯಿತು. ಅವನ ಪಾದ ಗೆರೆಯ ಮೇಲೆ ಹಿಂದೆ ಮುಂದೆ ಆಡುತ್ತಿತ್ತು. ಬಟ್ಟೆ ಕಳಚಿ ಮುಖ ಹೊರಬಂತು. ಅಷ್ಟು ದೊಡ್ಡ ಪರದೆಯ ತುಂಬ ನಮ್ಮ ಓಣಿಯ ಹುಡುಗನ ಮುಖ.

ಅವನ ಹೆಸರು ನೂರು ಬಾಯಿಂದ ಒಟ್ಟಿಗೆ ಬಂತು. ಎಲ್ಲರೂ ಎದ್ದರು, ಎದ್ದವರು ಜಿಗಿದರು.

ನಾನು ಮತ್ತೆ ಪರದೆ ನೋಡಲಿಲ್ಲ. ಚಾಚಾ ನೋಡಿದರೋ ಇಲ್ಲವೋ ಎಂದು ಹಿಂದಕ್ಕೆ ತಿರುಗಿದೆ. ತುದಿಯ ಸಾಲಿನಲ್ಲಿ ಎಲ್ಲರ ಕೈಗಳೂ ಗಾಳಿಯಲ್ಲಿದ್ದವು, ಅವರದ್ದು ಮಾತ್ರ ಇರಲಿಲ್ಲ. ನೆಟ್ಟಗೆ ನಿಂತಿದ್ದರು. ಒಂದು ಕೈ ಎದೆಯ ಮೇಲಿತ್ತು, ದರ್ಗಾದ ಮುಂದೆ ನಿಂತಂತೆ. ಕಣ್ಣು ಪರದೆಯ ಮೇಲೆ. ತುಟಿ ಆಡುತ್ತಿತ್ತು, ಏನು ಅಂದರೋ ಗೊತ್ತಿಲ್ಲ. ಅಂಥ ಮುಖ ನಾನು ಅವರದ್ದು ಎಂದೂ ನೋಡಿರಲಿಲ್ಲ. ಗ್ಯಾರೇಜಿನಲ್ಲಿ ಎಣ್ಣೆ ಹತ್ತಿದ ಮುಖ ಗೊತ್ತು, ಗೋಡೆಯಾಚೆ ನಗುವ ಮುಖ ಗೊತ್ತು. ಇದು ಬೇರೆ. ಚಿಕ್ಕ ಹುಡುಗನಂತೆ ಇದ್ದರು.

ಆಮೇಲೆ ಆ ಮುಖ ನನ್ನಿಂದ ದೂರ ಹೋಯಿತು.

ಮುರಿದ ಸದ್ದು ಬರಲೇ ಇಲ್ಲ. ಒಂದು ಗಳವೂ ಮುರಿದಿರಲಿಲ್ಲವಂತೆ, ಹಗ್ಗಗಳು ಜಾರಿದ್ದವು. ಇಡೀ ಗ್ಯಾಲರಿ ನಿಧಾನವಾಗಿ ಹಿಂದಕ್ಕೆ ಒರಗಿತು. ನಾನು ಕೆಳಗಿನವಳು, ನೆಲಕ್ಕೆ ಹತ್ತಿರವಿದ್ದೆ. ಮುಂದಿನ ಸಾಲಿನಿಂದ ಉರುಳಿದವರು ನನ್ನ ಮೇಲೆ ಬಿದ್ದು ಕಾಲರ್ ಮೂಳೆ ಮುರಿಯಿತು, ಅಷ್ಟೇ. ತುದಿಯವರು ಹಿಂದೆ, ಅಷ್ಟು ಎತ್ತರದಿಂದ, ಬೆನ್ನು ಕೆಳಗಾಗಿ ಹೋದರು.

ಧೂಳು ಇಳಿಯುವವರೆಗೆ ಯಾರೂ ಅಳಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಶುರುಮಾಡಿದರು. ಪರದೆ ಹಾಗೇ ನಡೆಯುತ್ತಿತ್ತು. ಗಳಗಳನ್ನು ಎತ್ತಿ ಎತ್ತಿ ಹಾಕುವವರ ಬೆನ್ನ ಹಿಂದೆ ಹಸಿರು ಮೈದಾನ, ಓಡುವ ಕಾಲುಗಳು, ಉತ್ಸಾಹದಿಂದ ವಿವರಿಸುವ ಒಂದು ದನಿ. ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಟಿಬೆಟನ್ ಹುಡುಗರು ಮೊದಲು ಎಚ್ಚೆತ್ತು ಸಾಲಾಗಿ ನಿಂತು ಗಳ ದಾಟಿಸತೊಡಗಿದರು. ಯಾವಾಗಲೋ ಜನರೇಟರಿನ ಎಣ್ಣೆ ಮುಗಿದು ಪರದೆ ಕಪ್ಪಾಯಿತು. ಆಗಲೇ ನಮಗೆ ಒಬ್ಬರ ನರಳಾಟ ಒಬ್ಬರಿಗೆ ಸರಿಯಾಗಿ ಕೇಳಿದ್ದು.

ಚಾಚಾಗೆ ಎಚ್ಚರವಿರಲಿಲ್ಲ. ಹೊರಗೆ ಒಂದು ತೊಟ್ಟು ರಕ್ತವಿಲ್ಲ, ಮಲಗಿದಂತಿದ್ದರು. ಧಾರವಾಡಕ್ಕೆ ಒಯ್ಯಿರಿ ಎಂದು ಇಲ್ಲಿನ ಆಸ್ಪತ್ರೆಯವರು ಹೇಳಿದರು. ಅಪ್ಪ ಅವರ ತಲೆ ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸಿನಲ್ಲಿ ಕೂತರು, ನನ್ನ ಕೈಯನ್ನು ಕುತ್ತಿಗೆಗೆ ಕಟ್ಟಿ ಮುಂದೆ ಕೂರಿಸಿದರು. ಹಳಿಯಾಳ ದಾಟುವ ಮೊದಲೇ ಅಪ್ಪ ಹಿಂದಿನಿಂದ, "ಏನ್ ಅವಸರಾ ಮಾಡಬ್ಯಾಡಪಾ, ಸಾವಕಾಶ ಹೋಗು," ಎಂದು ಡ್ರೈವರನಿಗೆ ಹೇಳಿದರು. ನನಗೆ ಅರ್ಥವಾಯಿತು. ನಾನು ತಿರುಗಿ ನೋಡಲಿಲ್ಲ.

ಗಾಯವಾದವರು ಬಹಳ ಜನ. ಹೋದವರು ಅವರೊಬ್ಬರೇ.

ಮಗನಿಗೆ ತಂಡದವರು ಪಂದ್ಯ ಮುಗಿದ ಮೇಲೆ, ಅಪ್ಪ ಬಿದ್ದಿದ್ದಾರೆ ಎಂದಷ್ಟೇ ಹೇಳಿ ಕಾರು ಹತ್ತಿಸಿದ್ದರು. ಜೋಯಿಡಾದ ಕಾಡಿನ ರಸ್ತೆಯಲ್ಲಿ ಫೋನು ಹತ್ತುವುದಿಲ್ಲ. ಅಷ್ಟು ದೂರವೂ ಅವನು ಅಪ್ಪ ಬಿದ್ದಿದ್ದಾರೆ ಎಂದಷ್ಟೇ ತಿಳಿದು ಬಂದ. ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳನ್ನು ಕಂಡು ಅವನಿಗೆ ಉಳಿದದ್ದು ತಿಳಿಯಿತು. ಮೈಮೇಲೆ ಇನ್ನೂ ಅದೇ ಅಂಗಿ. ಮೊಣಕಾಲಿಗೆ ಹುಲ್ಲಿನ ಕಲೆ.

ಮರುದಿನ ದಫನ್ ಮುಗಿಸಿ ಬಂದು ಅಂಗಳದಲ್ಲಿ ಕೂತಾಗ ಅವನು ಕೇಳಿದ, "ಹೆಂಗ ಬಿತ್ತು?"

ಅಲ್ಲಿ ಹತ್ತಾರು ಜನರಿದ್ದರು, ಎಲ್ಲ ಗ್ಯಾಲರಿಯಲ್ಲಿದ್ದವರೇ. ನೀನು ಕಂಡೆ, ನಾವು ಜಿಗಿದೆವು, ಬಿತ್ತು ಎಂದು ಹೇಳುವುದು ಹೇಗೆ? ಕೊನೆಗೆ ಮೊಬೈಲ್ ಅಂಗಡಿಯವನು, ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು, ನೆಲ ನೋಡುತ್ತಾ ಅಂದ.

"ಗೋಲ್ ಆತಲ್ಲಪಾ. ಮಂದಿ ಎದ್ರು. ಆಗ ಬಿತ್ತು. ನೀ ಇಳಿಯೂಕಿಂತ ಮೊದಲ."

ಅವನು ಹೂಂ ಅಂದ.

ಸಂಜೆಯೊಳಗೆ ಇಡೀ ಅಂಬೇವಾಡಿಯ ಬಾಯಲ್ಲಿ ಗೋಲು ಇತ್ತು. ಅದನ್ನು ಯಾರೂ ಕೂಡಿ ಮಾತಾಡಿಕೊಂಡು ಮಾಡಲಿಲ್ಲ. ಹುಡುಗನನ್ನು ಉಳಿಸಿಕೊಳ್ಳಲು ಎಲ್ಲರಿಗೂ ಅದೊಂದೇ ದಾರಿ ಕಂಡಿತು. ನಾನೂ ಸುಮ್ಮನಿದ್ದೆ. ಅಪ್ಪನೂ ಸುಮ್ಮನಿದ್ದರು. ಆಟ ಹೇಗೆ ಮುಗಿಯಿತು ಎಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಕೇಳಿದವರೂ ಇಲ್ಲ. ಯಾರೋ ತಂದ ಪತ್ರಿಕೆಯಲ್ಲಿ ಅವನ ತಂಡ ಕಪ್ ಎತ್ತಿದ ಫೋಟೋ ಇತ್ತು. ಆ ಫೋಟೋದಲ್ಲಿ ಅವನಿರಲಿಲ್ಲ. ಆ ಹೊತ್ತಿಗೆ ಅವನು ಕಾರು ಹತ್ತಿದ್ದ. ಪತ್ರಿಕೆಯನ್ನು ಅಪ್ಪ ಮಡಚಿ ತೆಗೆದಿಟ್ಟರು, ಕೆಳಗಿನ ಸುದ್ದಿಯನ್ನು ಯಾರೂ ಓದಲಿಲ್ಲ.

ಸುಳ್ಳಿನಿಂದ ಮಗನಿಗೆ ಒಳ್ಳೆಯದಾಯಿತು ಅಂದುಕೊಂಡಿದ್ದೆವು. ತಾಯಿಗೆ ಅದು ಏನು ಮಾಡಿತು ಎಂದು ನನಗೆ ತಿಳಿದದ್ದು ಇದ್ದತ್ತಿನ ದಿನಗಳಲ್ಲಿ. ಗಂಡ ತೀರಿದ ಮೇಲೆ ಹೆಂಗಸರು ಮನೆಯಿಂದ ಹೊರಬೀಳದೆ ಕಳೆಯುವ ಆ ತಿಂಗಳುಗಳಲ್ಲಿ ಚಾಚಿ ಒಳಕೋಣೆಯ ಚಾಪೆಯ ಮೇಲೆ ಕೂತಿರುತ್ತಿದ್ದರು. ಬಂದವರ ಬಾಯಿಂದ ಬಂದದ್ದೇ ಅವರಿಗೆ ಲೋಕ. ಬಂದವರೆಲ್ಲ ಗೋಲು ಅನ್ನುತ್ತಿದ್ದರು. ನಾನು ಕಾಲೇಜಿನಿಂದ ಬಂದು ದಿನವೂ ಅವರ ಹತ್ತಿರ ಹೋಗಿ ಕೂರುತ್ತಿದ್ದೆ. ಅವರು ಅಳುತ್ತಿರಲಿಲ್ಲ. ಒಂದೇ ಮಾತು ಬೇರೆ ಬೇರೆ ರೀತಿ ಹೇಳುತ್ತಿದ್ದರು.

"ಗೋವಾಕ್ಕ ಹೋಗಿದ್ರ ಬೆನ್ನರ ಕಾಣತಿತ್ತು."

ಇನ್ನೊಂದು ದಿನ, "ಹೋಗೂದ ಬರದಿತ್ತು ಅಂದ್ರ ಹೋಗ್ಲಿ. ಅವ ಇಳಿದದ್ದ ಒಮ್ಮೆ ನೋಡಿ ಹೋಗಬೇಕಿತ್ತಲ್ಲ ಬೇಟಿ. ಅಷ್ಟ ಇತ್ತು ಅವರಿಗೆ ಆಸೆ."

ನಾನು ಅವರ ಚಹಾದ ಲೋಟ ತೊಳೆದಿಟ್ಟು ಎದ್ದು ಬರುತ್ತಿದ್ದೆ.

ನನ್ನದೂ ಒಂದು ಕಥೆಯಿತ್ತು. ಗ್ರಂಥಾಲಯದಲ್ಲಿ ಮೇಲಿನ ಕಪಾಟಿಗೆ ಏಣಿ ಹತ್ತಲು ಆಗುತ್ತಿರಲಿಲ್ಲ. ಪುಸ್ತಕ ಬೇಕೆಂದವರಿಗೆ ನೀವೇ ಹತ್ತಿ ತೆಗೆದುಕೊಳ್ಳಿ ಅನ್ನುತ್ತಿದ್ದೆ, ಅವರು ಹತ್ತಿದರೆ ನೋಡಲಾಗದೆ ಹೊರಗೆ ಹೋಗುತ್ತಿದ್ದೆ. ಪಕ್ಕದ ತರಗತಿಯಲ್ಲಿ ಹುಡುಗರು ಒಟ್ಟಿಗೆ ಹೋ ಎಂದು ನಕ್ಕರೆ ನನ್ನ ಕೈ ಮೇಜಿನ ಅಂಚು ಹಿಡಿಯುತ್ತಿತ್ತು. ಮೂಳೆ ಕೂಡಿತು ಎಂದು ಡಾಕ್ಟರು ಹೇಳಿದರು. ಅವರು ಎಕ್ಸ್‌ರೇ ಫೋಟೋದಲ್ಲಿ ನೋಡಿ ಹೇಳಿದ್ದು ಸರಿಯಿದ್ದೀತು. ಕಣ್ಣು ಮುಚ್ಚಿದರೆ ಒಂದೇ ಕಾಣುತ್ತಿತ್ತು, ಎದೆಯ ಮೇಲೆ ಕೈಯಿಟ್ಟು ನಿಂತ ಆ ಮನುಷ್ಯ ನಿಂತ ಭಂಗಿಯಲ್ಲೇ ನನ್ನಿಂದ ದೂರ ಹೋಗುವುದು. ಆ ಮುಖ ನೋಡಿದವಳು ನಾನೊಬ್ಬಳೇ, ಉಳಿದವರೆಲ್ಲ ಪರದೆ ನೋಡುತ್ತಿದ್ದರು. ಅದನ್ನು ಯಾರಿಗೂ ಹೇಳಲಾಗದೆ ಹೊತ್ತುಕೊಂಡು ಓಡಾಡುತ್ತಿದ್ದೆ.

ಮಗ ಗೋವಾಕ್ಕೆ ವಾಪಸು ಹೋಗಿರಲಿಲ್ಲ. ತಂಡದವರು ಫೋನು ಮಾಡುತ್ತಿದ್ದರು, ಅವನು ಎತ್ತುತ್ತಿರಲಿಲ್ಲ. ಗ್ಯಾರೇಜು ತೆರೆದು ಸುಮ್ಮನೆ ಕೂರುತ್ತಿದ್ದ. ಕೆಲಸ ಬರುತ್ತಿರಲಿಲ್ಲ ಅವನಿಗೆ. ಆದರೂ ಜೀಪಿನವರು ಬಂದು, ಇಲ್ಲದ ದೋಷ ಹೇಳಿ, ಚಹಾ ಕುಡಿದು ಹೋಗುತ್ತಿದ್ದರು.

ಒಂದು ರಜೆಯ ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿದ್ದೆ. ಅವನು ಗೋಡೆಯ ಆಚೆ ಬಂದು ನಿಂತ.

"ಅಕ್ಕಾ, ಒಂದ್ ಮಾತ ಕೇಳ್ತೇನಿ. ನೀ ಸುಳ್ಳ ಹೇಳಂಗಿಲ್ಲಂತ ಕೇಳ್ತೇನಿ."

ನಾನು ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ನಿಂತೆ.

"ಗೋಲ್ ಆದಾಗ ಬಿತ್ತು ಅಂತಾರ ಎಲ್ಲಾರೂ."

"ಹೂಂ."

"ಗೋಲೇ ಆಗಿಲ್ಲಕ್ಕಾ ಅವತ್ತು. ಕಡೀತನಕ ಇಲ್ಲ. ಜಾಸ್ತಿ ಟೈಮ್ ಕೊಟ್ರೂ ಆಗ್ಲಿಲ್ಲ. ಪೆನಾಲ್ಟಿ ಹೊಡದು ಗೆದ್ವಿ." ಅವನು ದನಿ ಏರಿಸಲಿಲ್ಲ. "ಮೊದಲನೇ ದಿನಾನ ಗೊತ್ತಾತು ನನಗ. ಎಲ್ಲಾರೂ ಕೂಡಿ ಹೇಳಾಕತ್ತಾರ, ಯಾಕ ಅಂತ ಸುಮ್ಮನಿದ್ದೆ. ಯಾವಾಗ ಬಿತ್ತು ಅಕ್ಕಾ?"

ನನಗೆ ಅವನ ಮುಖ ನೋಡಲಾಗಲಿಲ್ಲ. ಗೊತ್ತಿಲ್ಲ ಅಂದಿದ್ದರೂ ನಡೆಯುತ್ತಿತ್ತೇನೋ. ಆದರೆ ಅವನಿಗೆ ಆಗಲೇ ಅರ್ಧ ಗೊತ್ತಿತ್ತು, ಕೆಟ್ಟ ಅರ್ಧ. ಇನ್ನೊಂದು ಅರ್ಧ ನನ್ನ ಹತ್ತಿರ ಇತ್ತು. ಒಂದನ್ನು ಬಿಟ್ಟು ಒಂದನ್ನು ಕೊಡುವ ಹಾಗಿರಲಿಲ್ಲ.

"ನೀ ಮ್ಯಾಲಿನ ಅಂಗಿ ತಗದಿ ನೋಡು," ಅಂದೆ, "ನಿನ್ನ ಮಾರಿ ಕಾಣಸ್ತು. ಆಗ."

ಅವನು ಗೋಡೆಯ ಮೇಲೆ ಎರಡೂ ಕೈ ಊರಿದ.

"ನಾ ಬಂದದ್ದಕ್ಕ ಬಿತ್ತು," ಅಂದ.

"ಹಂಗಲ್ಲ. ಒಂದ ಕಡೆ ಕಟ್ಟಿದ್ರು, ಅದಕ್ಕ ಬಿತ್ತು. ನೀ ಬರದಿದ್ರ ಮತ್ತೊಂದಕ್ಕ ಏಳ್ತಿದ್ರು."

ಹೇಳುವಾಗಲೇ ನನಗೆ ಗೊತ್ತಿತ್ತು, ಇದು ಅವನಿಗೆ ಮುಟ್ಟುವ ಮಾತಲ್ಲ. ಅವನು ತಲೆ ಎತ್ತಲಿಲ್ಲ.

"ಚಾಚಾ ನೋಡಿದ್ರು," ಅಂದೆ. "ನಾ ತಿರುಗಿ ಅವರನ್ನ ನೋಡೀನಿ. ಎಲ್ಲಾರೂ ಜಿಗದಾಡಿದ್ರು, ಅವರು ಜಿಗೀಲಿಲ್ಲ. ಎದಿ ಮ್ಯಾಲ ಕೈ ಇಟಗೊಂಡು ನಿಂತಿದ್ರು. ನಿನ್ನ ನೋಡಾಕತ್ತಿದ್ರು."

"ಪಕ್ಕಾ ನೋಡಿದ್ರಾ?"

"ನೋಡಿದ್ರು. ಕಣ್ಣ ತಗೀಲಿಲ್ಲ."

ಅವನು ಗೋಡೆಯ ಈಚೆ ಕೈ ಚಾಚಿ ನನ್ನ ಕೈಯಲ್ಲಿದ್ದ ಬಟ್ಟೆ ತೆಗೆದುಕೊಂಡು ತಂತಿಯ ಮೇಲೆ ಹಾಕಿದ.

"ಬಾ. ಅಮ್ಮಿಗೆ ಹೇಳು."

"ಬ್ಯಾಡೋ. ಯಾವಾಗ ಬಿತ್ತು ಅಂತ ಅವರಿಗೂ ತಿಳೀತೈತಿ. ನಿನ್ನ ನೋಡಿದಾಗೊಮ್ಮೆ..."

"ತಿಳೀಲಿ. ಅಬ್ಬಾ ನೋಡದ ಹೋದ್ರು ಅಂತ ಅಕಿ ದಿನಾ ಸಾಯಾಕತ್ತಾಳ. ನನ್ನ ಸಂಬಂಧ ಅದನ್ನ ಮುಚ್ಚಿ ಇಡೂದು ಬ್ಯಾಡ."

ಚಾಚಿ ಗೋಡೆಗೆ ಒರಗಿ ಕೂತಿದ್ದರು. ನಾನು ಎದುರಿಗೆ ಕೂತೆ. ಅವನು ಬಾಗಿಲಲ್ಲೇ ನಿಂತ. ಗೋಲು ಆಗಿರಲಿಲ್ಲ ಎಂಬುದರಿಂದ ಶುರುಮಾಡಿ ಎಲ್ಲ ಹೇಳಿದೆ. ಚುಕ್ಕಿ ಕಾಣುತ್ತವೆ ಎಂದು ಮೇಲೆ ಹೋದದ್ದು, ಅವನ ಮುಖ ಪರದೆ ತುಂಬಿದ್ದು, ಚಾಚಾ ನಿಂತ ರೀತಿ. ಕೊನೆಗೆ ಬಿದ್ದದ್ದನ್ನೂ ಹೇಳಿದೆ.

ಅವರು ಮಗನ ಕಡೆ ನೋಡಲಿಲ್ಲ. ನನ್ನನ್ನೇ ಕೇಳಿದರು.

"ಇವ ಚೆಂಡು ಮುಟ್ಟಿದ್ದ ನೋಡಿದ್ರೇನು?"

ಹೌದು ಅನ್ನಲು ನಾಲಿಗೆಯವರೆಗೆ ಬಂದಿತ್ತು. "ಇಲ್ರಿ ಚಾಚಿ. ಇನ್ನೂ ಗೆರೀ ಮ್ಯಾಲೆ ಇದ್ದ. ಒಳಗ ಬಂದಿರಲಿಲ್ಲ."

"ಗೆರೀ ಮ್ಯಾಲೆ," ಅಂದರು ಅವರು. ಆ ಮಾತನ್ನು ಸಣ್ಣ ದನಿಯಲ್ಲಿ ಮತ್ತೊಮ್ಮೆ ಅಂದುಕೊಂಡರು. ಇಷ್ಟು ದಿನ ಬಾರದ ಅಳು ಆಗ ಬಂತು. ಸದ್ದಿಲ್ಲದ ಅಳು. ಅಳುತ್ತಲೇ ಪಕ್ಕದ ಚಾಪೆಯನ್ನು ಕೈಯಿಂದ ತಟ್ಟಿ ಮಗನನ್ನು ಕರೆದರು.

ಅವನು ತಕ್ಷಣ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ. ಅವರು ಮತ್ತೆ ತಟ್ಟಿದರು. ನಾನು ಎದ್ದು ಅವನಿಗೆ ದಾರಿ ಬಿಟ್ಟೆ.